ಒಂದೇ ದಿನವಿದ್ದರೆ ಸೋಮನಾಥಪುರ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಾದ ಚಾರಿತ್ರಿಕ ತಾಣಗಳಿಗೆ ಕೊರತೆಯಿಲ್ಲ. ಉತ್ತರಕ್ಕೆ ಸುಮಾರು 60 ಕಿ.ಮೀ. ಹೋದರೆ ನಂದಿ ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿಯಿದೆ. ಅದೇ ದಿಕ್ಕಿನಲ್ಲಿ ಮುಂದುವರಿದು ಗಡಿ ದಾಟಿದರೆ ಲೇಪಾಕ್ಷಿ ಸಿಗುತ್ತದೆ. ಮೈಸೂರು ದಾರಿ ಹಿಡಿದರೆ ಶ್ರೀರಂಗಪಟ್ಟಣ, ಮಳವಳ್ಳಿ–ಬನ್ನೂರಿನ ಕಡೆ ತಿರುಗಿಕೊಂಡರೆ ಸೋಮನಾಥಪುರ. ಹುರುಪಿದ್ದವರು ಬೇಲೂರು, ಹಳೇಬೀಡುಗಳನ್ನೂ ಒಂದೇ ದಿನದಲ್ಲಿ ನೋಡಿ ಬರುತ್ತಾರೆ. ಆಯ್ಕೆ ಇಷ್ಟೊಂದಿರುವುದರಿಂದಲೇ ಒಂದು ದಿನಕ್ಕೆ ಮೂರು ನಾಲ್ಕು ಊರುಗಳನ್ನು ಪೋಣಿಸುವ ರೂಢಿ ಬೆಳೆದಿದೆ. ಸಂಜೆಗೆ ಮೊಬೈಲಿನಲ್ಲಿ ನೂರಾರು ಫೋಟೋ ಉಳಿಯುತ್ತವೆ, ಯಾವ ಕಂಬ ಯಾವ ಊರಿನದೆಂಬುದು ಮರೆತಿರುತ್ತದೆ. ಕೈಯಲ್ಲಿ ಒಂದೇ ದಿನವಿದ್ದರೆ ಒಂದೇ ಜಾಗಕ್ಕೆ ಹೋಗಬೇಕು, ಆ ಜಾಗ ಸೋಮನಾಥಪುರವಾಗಬೇಕು ಎಂಬುದು ಈ ಬರಹದ ವಾದ.

ಉಳಿದವು ಕಡಿಮೆಯೆಂದು ಹೀಗೆ ಹೇಳುತ್ತಿಲ್ಲ. ಭೋಗನಂದೀಶ್ವರನ ಗುಡಿಯ ಇತಿಹಾಸ 9ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ನೊಳಂಬರು, ಬಾಣರು, ಗಂಗರಿಂದ ಹಿಡಿದು ವಿಜಯನಗರದವರ ತನಕ ಹಲವರು ಅದಕ್ಕೆ ಕೈ ಹಚ್ಚಿದ್ದಾರೆ. ಆದರೆ ಯಾವ ಭಾಗ ಯಾರದೆಂದು ಬಿಡಿಸಿಕೊಳ್ಳಲು ನೋಡುವವರಿಗೆ ಮೊದಲೇ ಒಂದಿಷ್ಟು ಪರಿಚಯ ಬೇಕು. ಲೇಪಾಕ್ಷಿ 16ನೇ ಶತಮಾನದ್ದು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ್ದು. ಅದರ ನಿಜವಾದ ಸಂಪತ್ತು ಚಾವಣಿಯ ವರ್ಣಚಿತ್ರಗಳು. ಹೋದವರ ಹೊತ್ತೆಲ್ಲ ಮಾತ್ರ ತೂಗುಗಂಬದ ಅಡಿ ಬಟ್ಟೆ ತೂರಿಸುವುದರಲ್ಲಿ ಕಳೆದುಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿ ಕೋಟೆ, ರಂಗನಾಥ, ದರಿಯಾ ದೌಲತ್, 1799ರಲ್ಲಿ ಟಿಪ್ಪು ಮಡಿದ ಜಾಗ ಎಲ್ಲವೂ ಬೇರೆಬೇರೆ ಕಡೆ ಇವೆ. ಅಲ್ಲಿ ಕಾಣುವುದಕ್ಕಿಂತ ಕಲ್ಪಿಸಿಕೊಳ್ಳಬೇಕಾದ್ದೇ ಹೆಚ್ಚು. ಇವೆಲ್ಲ ಎರಡನೆಯ, ಮೂರನೆಯ ಪ್ರವಾಸಕ್ಕೆ ಹೇಳಿಮಾಡಿಸಿದಂತಿರುವ ಜಾಗಗಳು.

ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅಂಥ ಪೂರ್ವಸಿದ್ಧತೆ ಬೇಕಿಲ್ಲ. ಹೊಯ್ಸಳ ದೊರೆ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲೇ ಅಗ್ರಹಾರ ಮಾಡಿ, 1258ರಲ್ಲಿ ಇದನ್ನು ಕಟ್ಟಿಸಿದ. ಕೇಶವ, ಜನಾರ್ದನ, ವೇಣುಗೋಪಾಲರಿಗೆ ಮೂರು ಗರ್ಭಗುಡಿ, ಅವುಗಳ ಮೇಲೆ ಮೂರು ಶಿಖರ. ಕೆಳಗೆ ನಕ್ಷತ್ರದಾಕಾರದ ಜಗತಿ, ಸುತ್ತಲೂ ಕೈಸಾಲೆ. ಒಂದು ಕಾಲದಲ್ಲಿ, ಒಂದೇ ಯೋಜನೆಯಂತೆ ಎದ್ದ ಕಟ್ಟಡವಾದ್ದರಿಂದ ಆದಿಯಿಂದ ಅಂತ್ಯದವರೆಗೆ ಒಂದೇ ಹದ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ಮೇಲೆ ಮೊದಲು ರಾಮಾಯಣ, ಹಿಂಬದಿಯಲ್ಲಿ ಭಾಗವತ, ಆಮೇಲೆ ಮಹಾಭಾರತ ಸಾಲಾಗಿ ಬರುತ್ತವೆ. ಪುಸ್ತಕ ಓದಿಕೊಂಡು ಬರದವರಿಗೂ ಈ ಗೋಡೆ ಅರ್ಥವಾಗುತ್ತದೆ.

ಆದರೆ ಸೋಮನಾಥಪುರದ ಪರವಾಗಿ ನಿಲ್ಲುವ ಅತಿ ದೊಡ್ಡ ಸಾಕ್ಷಿ ಒಂದು ಹೆಸರು: ಮಲ್ಲಿತಮ್ಮ. ಪಟ್ಟಿಕೆಗಳಿಂದ ಮೇಲಕ್ಕೆ ಕಣ್ಣೆತ್ತಿದರೆ ದೊಡ್ಡ ವಿಗ್ರಹಗಳ ಸಾಲು. ವಿಗ್ರಹ ಬಿಟ್ಟು ಅದರ ಪೀಠವನ್ನು ನೋಡಿ. ಹಲವು ಕಡೆ ಕನ್ನಡ ಅಕ್ಷರಗಳಿವೆ, ಕೆತ್ತಿದವರ ಹೆಸರುಗಳು. ಬಾಲೆಯ, ಚೌಡೆಯ, ಮಸಣಿತಮ್ಮ ಹೀಗೆ ಅನೇಕರಿದ್ದಾರೆ, ಅವರೆಲ್ಲರಿಗಿಂತ ಹೆಚ್ಚು ಸಲ ಕಾಣುವವನು ಮಲ್ಲಿತಮ್ಮ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ಗುಡಿಯ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಅದರ ಪ್ರಕಾರ ಗೋಡೆಯ 194 ದೊಡ್ಡ ವಿಗ್ರಹಗಳಲ್ಲಿ ಸುಮಾರು 40 ಮಲ್ಲಿತಮ್ಮನವು. ಕೆಲವು ಕಡೆ ಪೂರ್ತಿ ಹೆಸರಿದೆ, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ‘ಮ’ ಅಷ್ಟೇ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರು ಊರು, ಬಿರುದುಗಳ ಸಮೇತ ಹೆಸರು ಕೆತ್ತಿಕೊಂಡಿದ್ದಾರೆ. ಅದಕ್ಕೆ ಹೋಲಿಸಿದರೆ ಮಲ್ಲಿತಮ್ಮನ ಸಹಿ ತೀರ ಮೊಟಕು. ಯಾವ ವಿಗ್ರಹ ಯಾರದೆಂದು ಕೂಲಿಯ ಲೆಕ್ಕಕ್ಕೆ ಹಾಕಿಕೊಂಡ ಗುರುತೂ ಇರಬಹುದು, ಹೆಮ್ಮೆಯೂ ಇರಬಹುದು. ಇದೇ ಹೆಸರು 1246ರ ನುಗ್ಗೇಹಳ್ಳಿಯ ಗುಡಿಯಲ್ಲಿ, ನಂದಿಯ ಬೈಚೋಜನ ಹೆಸರಿನ ಜೊತೆಗಿದೆ. 1196ರ ಅಮೃತಾಪುರದಲ್ಲೂ ಇದೆ. ಅಮೃತಾಪುರಕ್ಕೂ ಸೋಮನಾಥಪುರಕ್ಕೂ 62 ವರ್ಷಗಳ ಅಂತರ. ಎರಡೂ ಕಡೆ ಉಳಿ ಹಿಡಿದವನು ಒಬ್ಬನೇ ಎಂದು ಹಲವು ಕಲಾ ಇತಿಹಾಸಕಾರರು ನಂಬುತ್ತಾರೆ. ಹಾಗಿದ್ದರೆ ಹುಡುಗನಾಗಿ ಕಲಿಯಲು ಕೂತವನು ಮುದುಕನಾಗಿ ಈ ಗೋಡೆಯ ಮುಂದೆ ನಿಂತಿದ್ದ. ಕಟ್ಟಿಸಿದವರ ಹೆಸರು ಎಲ್ಲ ಕಡೆ ಸಿಗುತ್ತದೆ. ಕೆತ್ತಿದವನ ಹೆಸರು ಹಿಡಿದು ವಿಗ್ರಹದಿಂದ ವಿಗ್ರಹಕ್ಕೆ ನಡೆಯುವ ಅವಕಾಶ ಅಪರೂಪ.

ಆ ಸೂಕ್ಷ್ಮ ಕೆಲಸಕ್ಕೆ ಕಲ್ಲೂ ಒದಗಿಬಂದಿತ್ತು. ನಂದಿ, ಲೇಪಾಕ್ಷಿಗಳದು ಗಟ್ಟಿ ಗ್ರಾನೈಟ್, ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಬರುಬರುತ್ತಾ ಗಟ್ಟಿಯಾಗುತ್ತದೆ. ಹಾಗಾಗಿ ಒಡವೆಯ ಎಳೆ, ಬೆರಳಿನ ಉಂಗುರಗಳನ್ನೂ ಬಿಡಿಸಲು ಸಾಧ್ಯವಾಯಿತು. ಒಳಗಿನ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ. ತಲೆಯೆತ್ತಿದರೆ ಚಾವಣಿಯಲ್ಲಿ ಬಾಳೆಯ ಮೋತೆ ಹಂತಹಂತವಾಗಿ ಅರಳುವ ಬಗೆ. ಒಳಗೆ ಬೆಳಕು ಕಡಿಮೆ, ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಬೇಕು.

ಆಕ್ಷೇಪಗಳಿವೆ. ಪೂಜೆಯಿಲ್ಲದ ಗುಡಿಯಲ್ಲಿ ಏನಿದೆ ಎಂದು ಹಿರಿಯರು ಕೇಳುವುದುಂಟು. ಕೇಶವನ ಮೂಲ ಮೂರ್ತಿ ಇಲ್ಲವಾಗಿರುವುದು ನಿಜ, ಆ ನೋವನ್ನು ಅಲ್ಲಗಳೆಯಲಾಗದು. ದರ್ಶನವೇ ಮುಖ್ಯವಾದವರಿಗೆ ನಂದಿಯೇ ಸರಿ. ಆದರೆ ಕಲ್ಲನ್ನು ನೋಡಬೇಕೆಂದು ಹೊರಟವರಿಗೆ ಸರದಿ ಸಾಲಿನ ಅವಸರವಿಲ್ಲದ ಜಾಗವೇ ಬೇಕು. ಬೇಲೂರು ಇದಕ್ಕಿಂತ ದೊಡ್ಡದಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಹೌದು, ಬೇಲೂರು ದೊಡ್ಡದು, ಅದಕ್ಕೇ ಒಂದು ದಿನ ಸಾಲದು. ಹೋಗಿ ಬರುವುದಕ್ಕೇ 400 ಕಿ.ಮೀ.ಗೂ ಹೆಚ್ಚು ದಾರಿ, ಗುಡಿಗೆ ಉಳಿಯುವುದು ದಣಿದ ಎರಡು ಗಂಟೆ. ಬೇಲೂರು–ಹಳೇಬೀಡಿಗೆ ಒಂದು ರಾತ್ರಿಯಾದರೂ ತಂಗುವ ಗೌರವ ಸಲ್ಲಬೇಕು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಈ ಮೂರನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಸೋಮನಾಥಪುರ ಅಲ್ಲಿ ಸಮಾನ ಪಾಲುದಾರ. ಹೊಯ್ಸಳ ಶಿಲ್ಪದಲ್ಲಿ ಅಲಂಕಾರ ಅತಿಯಾಯಿತು, ಕಣ್ಣು ನಿಲ್ಲುವುದೆಲ್ಲಿ ಎನ್ನುವವರೂ ಇದ್ದಾರೆ. ಅವಸರದಲ್ಲಿ ನೋಡಿದರೆ ಆ ಮಾತು ಸರಿ. ಸಹಿ ಹುಡುಕುತ್ತಾ ಹೋದರೆ ಕಣ್ಣು ತಾನಾಗಿ ಒಂದೊಂದೇ ವಿಗ್ರಹದ ಮುಂದೆ ನಿಲ್ಲುತ್ತದೆ.

ಹೊಯ್ಸಳರ ದೊಡ್ಡ ಗುಡಿಗಳ ಸಾಲಿನಲ್ಲಿ ಇದು ಕೊನೆಕೊನೆಯದು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಏರಿಬಂದ, ಆ ಶತಮಾನದ ನಡುವಿಗೆ ರಾಜ್ಯವೇ ಇಲ್ಲವಾಯಿತು. ಉಳಿಗಳಿಗೆ ಇಂಥ ಕೆಲಸ ಮತ್ತೆ ಸಿಗಲಿಲ್ಲ. ಸೋಮನಾಥಪುರದಲ್ಲೇ ಸೋಮನಾಥ ಕಟ್ಟಿಸಿದ ಪಂಚಲಿಂಗೇಶ್ವರ ಗುಡಿ ಪಾಳುಬಿದ್ದಿದೆ, ಅದರತ್ತ ಹೋಗುವವರೂ ವಿರಳ. ಕೇಶವ ದೇವಾಲಯದಲ್ಲಾದರೂ ಸಹಿಗಳಿರುವ ಜಾಗ ತೋರಿಸುವ ಒಂದು ಸರಳ ನಕ್ಷೆ ಟಿಕೆಟ್ಟಿನ ಜೊತೆಗೇ ಪ್ರತಿಯೊಬ್ಬರ ಕೈಗೆ ಸಿಗಬೇಕು. ಅದು ಬರುವವರೆಗೆ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು: ಶ್ರೀರಂಗಪಟ್ಟಣವನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ, ಈ ಒಂದು ಗುಡಿಗೆ ಇಡೀ ಹಗಲು ಕೊಡಿ, ಜೊತೆಯಲ್ಲಿ ಮಕ್ಕಳಿದ್ದರೆ ಮಲ್ಲಿತಮ್ಮನನ್ನು ಹುಡುಕುವ ಕೆಲಸವನ್ನು ಅವರಿಗೇ ಬಿಡಿ.