ಗಲ್ಲಾದ ಮೇಲಿನ ಮಾತಿನ ಪೆಟ್ಟಿಗೆ

ದಹಿಸರ್ ಸ್ಟೇಷನ್ನಿನ ಪೂರ್ವಕ್ಕೆ ಹೋಗಲಿ, ಪಶ್ಚಿಮಕ್ಕೆ ಹೋಗಲಿ, ನಮ್ಮವರ ಉಪಾಹಾರಗೃಹಗಳ ಗಲ್ಲಾದ ಮೇಲೆ ಸಣ್ಣದೊಂದು ಪೆಟ್ಟಿಗೆ ಕುಳಿತಿರುವುದನ್ನು ವಾಚಕರು ಕಂಡೇ ಇರುತ್ತಾರೆ. ಗಿರಾಕಿಯು ಮೊಬೈಲಿನಿಂದ ಹಣ ಸಲ್ಲಿಸಿದೊಡನೆ ಇಂತಿಷ್ಟು ರೂಪಾಯಿ ಬಂತೆಂದು ಅದು ಹಿಂದಿಯಲ್ಲೋ ಮರಾಠಿಯಲ್ಲೋ ಗಟ್ಟಿಯಾಗಿ ಸಾರುತ್ತದೆ. 'ಇಂಟರ್ನೆಟ್ ಆಫ್ ಥಿಂಗ್ಸ್', ಅಂದರೆ ವಸ್ತುಗಳ ಅಂತರ್ಜಾಲವೆಂಬ ವಿದ್ಯೆಯು ನಮ್ಮ ಹೋಟೆಲುಗಳೊಳಗೆ ಕಾಲಿಟ್ಟಿರುವುದು ಈ ಪೆಟ್ಟಿಗೆಯ ರೂಪದಲ್ಲಿಯೇ.

ಆ ಹೆಸರನ್ನು 1999ರಲ್ಲಿ ಕೆವಿನ್ ಆಷ್ಟನ್ ಎಂಬವರು ಬಳಕೆಗೆ ತಂದರು. ಸಂಗತಿ ಮಾತ್ರ ಅದಕ್ಕಿಂತ ಹಳೆಯದು. 1982ರ ಸುಮಾರಿಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೋಕಾಕೋಲ ಮಾರುವ ಯಂತ್ರವೊಂದನ್ನು ಕಂಪ್ಯೂಟರಿಗೆ ಜೋಡಿಸಿ, ಬಾಟಲಿಗಳಿವೆಯೆ, ತಣ್ಣಗಾಗಿವೆಯೆ ಎಂಬುದನ್ನು ಕುಳಿತಲ್ಲಿಂದಲೇ ತಿಳಿದುಕೊಳ್ಳುತ್ತಿದ್ದರು. ಹುಟ್ಟಿನಿಂದಲೇ ಈ ವಿದ್ಯೆಗೂ ಉಪಾಹಾರಕ್ಕೂ ನಂಟುಂಟು!

ಹಿಂದೆ ಮೊಬೈಲಿನ ಆ್ಯಪ್ ರಚಿಸುವವನ ಕೆಲಸವು ಗಾಜಿನ ಪರದೆಯೊಳಗೆ ಮುಗಿಯುತ್ತಿತ್ತು. ಮುಂಬಯಿಯಲ್ಲಿಯೇ ಕೇಂದ್ರ ಕಚೇರಿಯುಳ್ಳ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ 2016ರಲ್ಲಿ ಯುಪಿಐ ವ್ಯವಸ್ಥೆಯನ್ನು ತಂದ ಮೊದಲ ದಿನಗಳಲ್ಲಿ ಹಣ ಬಂದ ಸುದ್ದಿಯು ಮಾಲಕರ ಮೊಬೈಲಿಗೆ ಮುಟ್ಟುತ್ತಿತ್ತು. ಅವರು ಊರಿಗೆ ಹೋಗಿದ್ದರೆ, ಗಿರಾಕಿ ತೋರಿಸಿದ ಪರದೆಯೇ ಗಲ್ಲಾದ ಹುಡುಗನಿಗೆ ಪ್ರಮಾಣ. ಸುಳ್ಳು ಚಿತ್ರ ತೋರಿಸಿ ಜಾರಿಕೊಂಡವರೂ ಉಂಟು. ಸಿಮ್ ಕಾರ್ಡು, ಬ್ಯಾಟರಿ, ಧ್ವನಿವರ್ಧಕಗಳನ್ನು ಒಡಲಲ್ಲಿರಿಸಿಕೊಂಡ ಪೆಟ್ಟಿಗೆಯು ಆ ಕೊರತೆಯನ್ನು ತುಂಬಿತು. ಆದುದರಿಂದ ಆ್ಯಪ್ ರಚಿಸುವವನು ಈಗ ಹೋಟೆಲಿನ ಗದ್ದಲ, ವಿದ್ಯುತ್ತಿನ ಕಡಿತ, ನೆಟ್‌ವರ್ಕ್ ಸಿಗದ ಮೂಲೆ, ಕೇಳುವವನ ಭಾಷೆ, ಇವೆಲ್ಲವನ್ನೂ ಗಣಿಸಬೇಕಾಗಿದೆ.

ಇಂತಹ ವಸ್ತುಗಳಿಗೆ ಸುದ್ದಿ ಮುಟ್ಟಿಸಲು ಎಂಕ್ಯೂಟಿಟಿ ಎಂಬ ಪದ್ಧತಿಯು ಬಹಳ ಬಳಕೆಯಲ್ಲಿದೆ. ಎಣ್ಣೆಯ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲೆಂದು 1999ರಲ್ಲಿ ಆಂಡಿ ಸ್ಟಾನ್‌ಫರ್ಡ್ ಕ್ಲಾರ್ಕ್ ಮತ್ತು ಅರ್ಲೆನ್ ನಿಪರ್ ಎಂಬವರು ಅದನ್ನು ರಚಿಸಿದರು. ಸುದ್ದಿ ಮುಟ್ಟಿಸುವುದರಲ್ಲಿ ಅದಕ್ಕೆ ಮೂರು ದರ್ಜೆಗಳಿವೆ. ಅವನ್ನು ನಮ್ಮ ಮಾಣಿಗಳಿಗಿಂತ ಚೆನ್ನಾಗಿ ಬಲ್ಲವರಾರು? ಅಡಿಗೆಮನೆಯತ್ತ 'ಎರಡು ಮಸಾಲೆ' ಎಂದು ಒಮ್ಮೆ ಕೂಗಿ ಹೋಗುವುದು ಮೊದಲನೆಯದು; ಭಟ್ಟರಿಗೆ ಕೇಳಿಸದಿದ್ದರೆ ಗಿರಾಕಿ ಕಾದೇ ಕಾಯಬೇಕು. ಉತ್ತರ ಬರುವ ತನಕ ಕೂಗುವುದು ಎರಡನೆಯದು; ಇದರಲ್ಲಿ ಎರಡು ದೋಸೆ ನಾಲ್ಕಾಗುವ ಭಯ. ಭಟ್ಟರು ಮರಳಿ ಹೇಳಿ, ಇಬ್ಬರೂ ಖಚಿತಪಡಿಸಿಕೊಂಡು, ಒಮ್ಮೆ ಮಾತ್ರ ಲೆಕ್ಕ ಹಿಡಿಯುವುದು ಮೂರನೆಯದು, ಭದ್ರವಾದರೂ ನಿಧಾನ. ಪೆಟ್ಟಿಗೆ ನುಡಿಯದಿದ್ದರೇನು, ಎರಡು ಬಾರಿ ನುಡಿದರೇನು ಎಂಬ ವಿಚಾರವೀಗ ಆ್ಯಪ್ ರಚನೆಯ ಮುಖ್ಯ ಅಂಗವಾಗಿದೆ.

ನಮ್ಮ ಕಾರ್ಮಿಕ ಬಂಧುಗಳ ಅನ್ನದ ಪ್ರಶ್ನೆಯೂ ಇಲ್ಲಿಯೇ ಇದೆ. ಪೆಟ್ಟಿಗೆ ಮೌನವಾಗಿದೆ, ಗಿರಾಕಿ ಹಣ ಹೋಗಿದೆಯೆನ್ನುತ್ತಾನೆ, ಹಿಂದೆ ಹತ್ತು ಮಂದಿ ನಿಂತಿದ್ದಾರೆ. ರಾತ್ರಿ ಲೆಕ್ಕ ತಾಳೆಯಾಗದಿದ್ದರೆ ಹುಡುಗನ ಪಗಾರಕ್ಕೆ ಕತ್ತರಿ. ಇದು ನ್ಯಾಯವಲ್ಲ. ಪೆಟ್ಟಿಗೆಯು ಡಂಗುರ ಸಾರುವವನೇ ಹೊರತು ಲೆಕ್ಕ ಬರೆಯುವ ಗುಮಾಸ್ತನಲ್ಲ. ನಿಜವಾದ ಲೆಕ್ಕವಿರುವುದು ಬ್ಯಾಂಕಿನ ಖಾತೆಯಲ್ಲಿ. ಹಣ ತೆಗೆಯುವ ಅಧಿಕಾರ ಕೊಡದೆ, ಬಂದ ಹಣದ ಪಟ್ಟಿಯನ್ನಷ್ಟೇ ಗಲ್ಲಾದವನಿಗೆ ತೋರಿಸುವ ವ್ಯಾಪಾರಿ ಆ್ಯಪ್‌ಗಳಿವೆ. ಮಾಲಕ ಬಂಧುಗಳು ಆ ಅನುಕೂಲವನ್ನು ಮಾಡಿಕೊಡಲಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ಒಂದು ರೂಪಾಯಿ ಕಳುಹಿಸಿ ಪರೀಕ್ಷಿಸುವುದೂ ಲೇಸು. ನಮ್ಮ ಕ್ಯೂಆರ್ ಚೀಟಿಯ ಮೇಲೆ ಬೇರೊಬ್ಬನು ತನ್ನ ಚೀಟಿ ಅಂಟಿಸಿದ್ದರೆ ಅದರಿಂದ ಗೊತ್ತಾಗುತ್ತದೆ. ಗಲ್ಲಾದ ಹಿಂದೆ ಬಹುಕಾಲ ಕುಳಿತ ನಾವು ಇಷ್ಟನ್ನು ಸಲುಗೆಯಿಂದ ಹೇಳಬಹುದೆಂದು ಭಾವಿಸುತ್ತೇವೆ.

ತರುಣರಿಗೂ ಒಂದು ಮಾತು. ಹಗಲು ಮೇಜು ಒರಸಿ, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕು ಕಚೇರಿಗಳನ್ನು ಸೇರಿದ ಹಿರಿಯರು ಈ ನಗರದ ಕನ್ನಡಿಗರಲ್ಲಿ ಬಹಳ ಮಂದಿ. ಇಂದು ಕಲಿಯಬೇಕಾದ ಪಾಠಗಳಲ್ಲಿ ಆ್ಯಪ್ ರಚನೆಯೂ ಒಂದು. ಅದರ ಸೂತ್ರಗಳನ್ನು ಪುಸ್ತಕ ನೋಡಿ ಕಲಿಯಬಹುದು. ಆದರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಲ್ಲಾದವನಿಗೆ ಏನು ಕೇಳಿಸಬೇಕು, ಏನು ಕೇಳಿಸುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ಕಲಿಸದು. ಅದು ನಿಮಗೆ ಈಗಾಗಲೇ ತಿಳಿದಿದೆ, ಉಳಿದುದನ್ನು ಕಲಿತುಕೊಳ್ಳಿರಿ.