ಬೊರಿಸ್ ಅಕೂನಿನ್: ಒಂದು ಕಾವ್ಯನಾಮದ ಕಥೆ

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಉಂಟು. ರಷ್ಯ ಇದಕ್ಕೆ ಹೊರತಲ್ಲ. ಕೊಲೆಯೊಂದನ್ನು ನಿಮಿತ್ತವಾಗಿಟ್ಟುಕೊಂಡು ದಸ್ತಯೇವ್‌ಸ್ಕಿ ಮಾನವನ ಅಂತರಂಗವನ್ನೇ ಶೋಧಿಸಿದ ಆ ನಾಡಿನಲ್ಲಿ, ಕೊಲೆಗಾರನನ್ನು ಹುಡುಕುವುದಷ್ಟೇ ಗುರಿಯಾದ ಕತೆಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕುವವರು ವಿರಳ. ಮಾಸ್ಕೋದ ಸುರಂಗ ರೈಲಿನಲ್ಲಿ ಇಂಥ ಪುಸ್ತಕವನ್ನೋದುವಾಗ ತಮ್ಮ ಪತ್ನಿ ಅದರ ರಟ್ಟು ಕಾಣದಂತೆ ಕಾಗದ ಸುತ್ತಿಕೊಳ್ಳುತ್ತಿದ್ದುದನ್ನು ಕಂಡ ಪಂಡಿತರೊಬ್ಬರು, ಸಂಕೋಚವಿಲ್ಲದೆ ಓದಬಹುದಾದ ಪತ್ತೇದಾರಿ ಕಾದಂಬರಿಯನ್ನು ತಾವೇ ಬರೆಯಲು ಮನಸ್ಸು ಮಾಡಿದರು.

ಅವರು ಗ್ರಿಗೋರಿ ಚ್ಖಾರ್ತಿಶ್ವಿಲಿ. 1956ರಲ್ಲಿ ಜಾರ್ಜಿಯದಲ್ಲಿ ಜನಿಸಿ, ಎಳವೆಯಲ್ಲಿಯೇ ಮಾಸ್ಕೋ ಸೇರಿದವರು. ಜಪಾನೀ ಸಾಹಿತ್ಯದಲ್ಲಿ ಪಾರಂಗತರು. ಮಿಶಿಮಾನ ಕೃತಿಗಳನ್ನು ರಷ್ಯನ್ ಭಾಷೆಗೆ ತಂದವರು. ವಿದೇಶೀ ಸಾಹಿತ್ಯಕ್ಕೆ ಮೀಸಲಾದ ಪ್ರತಿಷ್ಠಿತ ಮಾಸಪತ್ರಿಕೆಯೊಂದರ ಉಪಪ್ರಧಾನ ಸಂಪಾದಕರಾಗಿದ್ದವರು. ನಲವತ್ತು ದಾಟಿದ ಮೇಲೆ, 1998ರಲ್ಲಿ, ‘ಅಜಾಜೆಲ್’ ಕಾದಂಬರಿಯನ್ನು ‘ಬಿ. ಅಕೂನಿನ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಜಪಾನೀ ಭಾಷೆಯಲ್ಲಿ ‘ಅಕುನಿನ್’ ಎಂದರೆ ದುಷ್ಟ. ಮೊದಲಕ್ಷರವನ್ನು ಕೂಡಿಸಿ ಓದಿದರೆ ಅರಾಜಕತಾವಾದಿ ಬಕೂನಿನ್‌ನ ಹೆಸರು ಧ್ವನಿಸುತ್ತದೆ. ಅದೊಂದು ಪಂಡಿತ ವಿನೋದ.

ಕಥಾನಾಯಕ ಎರಾಸ್ಟ್ ಫಾಂದೋರಿನ್ 1876ರ ಮಾಸ್ಕೋದ ಪೊಲೀಸ್ ಇಲಾಖೆಯಲ್ಲೊಬ್ಬ ಸಣ್ಣ ಗುಮಾಸ್ತ. ಇಪ್ಪತ್ತರ ತಬ್ಬಲಿ ತರುಣ. ಅವನ ಸಾಹಸಗಳ ಒಂದೊಂದು ಕೃತಿಯೂ ಪತ್ತೇದಾರಿಯ ಒಂದೊಂದು ಬಗೆ: ಒಂದರಲ್ಲಿ ಒಳಸಂಚು, ಇನ್ನೊಂದರಲ್ಲಿ ಯುದ್ಧಭೂಮಿಯ ಗೂಢಚರ್ಯೆ, ಮತ್ತೊಂದರಲ್ಲಿ ಕಲ್ಕತ್ತೆಗೆ ಹೊರಟ ಹಡಗಿನಲ್ಲಿ ಅಡಗಿರುವ ಕೊಲೆಗಾರ. ಹೊತ್ತು ಕಳೆಯಲು ಓದುವವರಿಗೆ ಕುತೂಹಲ. ಸಾಹಿತ್ಯ ಬಲ್ಲವರಿಗೆ ಹತ್ತೊಂಬತ್ತನೆಯ ಶತಮಾನದ ರಷ್ಯನ್ ಗದ್ಯದ ಪ್ರತಿಧ್ವನಿ. ಈ ಇಬ್ಬಗೆಯ ರುಚಿಯೇ ಅವರ ಜನಪ್ರಿಯತೆಯ ಗುಟ್ಟು. 2005ರಲ್ಲಿ ಎರಡು ಕಾದಂಬರಿಗಳು ಚಲನಚಿತ್ರಗಳಾದುವು. ಫಾಂದೋರಿನ್ ಮಾಲಿಕೆ ಇಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು.

‘ಸ್ಟೇಟ್ ಕೌನ್ಸಿಲರ್’ ಕಾದಂಬರಿಯಲ್ಲಿ ಫಾಂದೋರಿನ್‌ನ ಮುಂದೆ ಮಾಸ್ಕೋ ಪೊಲೀಸಿನ ಅತ್ಯುನ್ನತ ಪದವಿ ಬಂದು ನಿಲ್ಲುತ್ತದೆ. ಕ್ರಾಂತಿಕಾರರನ್ನು ಅಡಗಿಸಬೇಕಾದ ಅಧಿಕಾರಿಯೇ ಅವರನ್ನು ತನ್ನ ಏಳಿಗೆಗೆ ದಾಳಗಳಾಗಿ ಬಳಸಿದ್ದನ್ನು ಕಂಡಿದ್ದ ಅವನು, ಆ ಪದವಿಯನ್ನು ನಿರಾಕರಿಸಿ ಸೇವೆಯನ್ನೇ ತ್ಯಜಿಸುತ್ತಾನೆ. ಲೇಖಕನಿಗೂ ಅಂಥದೇ ಗಳಿಗೆ ಒದಗಿತು. 2014ರಲ್ಲಿ ಕ್ರಿಮಿಯ ರಷ್ಯದ ವಶವಾದ ವರ್ಷ ಅಕೂನಿನ್ ಸ್ವದೇಶವನ್ನು ತೊರೆದರು. ಉಕ್ರೇನಿನ ಮೇಲಣ ಯುದ್ಧವನ್ನು ಖಂಡಿಸಿದ ಅವರನ್ನು 2023ರ ಡಿಸೆಂಬರಿನಲ್ಲಿ ಸರ್ಕಾರ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಪ್ರಕಾಶಕರು ಪುಸ್ತಕಗಳ ಮುದ್ರಣವನ್ನೂ ಮಾರಾಟವನ್ನೂ ನಿಲ್ಲಿಸಿದರು. 2025ರ ಜುಲೈನಲ್ಲಿ ಮಾಸ್ಕೋದ ಸೇನಾ ನ್ಯಾಯಾಲಯ ಅವರ ಗೈರುಹಾಜರಿಯಲ್ಲಿ 14 ವರ್ಷಗಳ ಸೆರೆವಾಸವನ್ನು ವಿಧಿಸಿತು.

ವಿನೋದಕ್ಕೆಂದು ಧರಿಸಿದ ‘ದುಷ್ಟ’ನೆಂಬ ಹೆಸರನ್ನು ಪ್ರಭುತ್ವ ನಿಜವೆಂದೇ ಓದಿತು! ಜನಪ್ರಿಯತೆ ಲೇಖಕನಿಗೆ ಕವಚವಾಗಲಿಲ್ಲ. ಆದರೆ ಪ್ರಾಮಾಣಿಕನಾದವನು ಅಧಿಕಾರವನ್ನು ಎಲ್ಲಿಯವರೆಗೆ ಸೇವಿಸಬಹುದೆಂಬ ಪ್ರಶ್ನೆಯನ್ನು, ಬರಿಯ ಕಾಲಕ್ಷೇಪವೆಂದು ನಾವು ಬದಿಗೆ ಸರಿಸುವ ಈ ಪ್ರಕಾರವೇ ಅಸಂಖ್ಯ ವಾಚಕರ ಮನೆಬಾಗಿಲಿಗೆ ತಲಪಿಸಿತು. ಸಾಹಿತ್ಯದಲ್ಲಿ ಮೇಲುಕೀಳುಗಳ ಗೆರೆ ಎಳೆಯುವವರು ಇದನ್ನು ನೆನೆಯಬೇಕು.