ಹೋಮ್‌ಸ್ಟೇ ನಿಮ್ಮದು, ಬೀಗದ ಕೈ ಯಾರದು?

ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯಬೇಕೆಂದರೆ ಸೂಪಾ ಅಣೆಕಟ್ಟೆಯಿಂದ ಕಾಳಿ ನದಿಗೆ ನೀರು ಬರಬೇಕು. ಮಳೆಗಾಲದಲ್ಲಂತೂ ಅದು ಬಂದ್. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತುವ ಪ್ರವಾಸಿಗೆ ಮೊದಲು ತಿಳಿಯಬೇಕಾದದ್ದೇ ಇದು. ಆದರೆ ಹೋಮ್‌ಸ್ಟೇಗೆ ಜಾಲತಾಣ ಮಾಡಿಸಲು ಕೂತವರ ಮಾತು ಸಾಮಾನ್ಯವಾಗಿ ಶುರುವಾಗುವುದು ಬಣ್ಣದಿಂದ, ಲೋಗೋದಿಂದ.

ಅದರ ಬದಲು ಹತ್ತು ದಿನ ಫೋನಿನಲ್ಲಿ ಗಿರಾಕಿಗಳು ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ತಾಣದ ಅರ್ಧ ಕೆಲಸ ಮುಗಿದಂತೆ. ದಾಂಡೇಲಿಯಲ್ಲಿ ಕೇಳುವುದು ನೀರಿನ ಬಗ್ಗೆ. ಜೋಯಿಡಾದ ಕಾಡಿನಂಚಿನಲ್ಲಿ, ಮೊಬೈಲ್ ಸಿಗ್ನಲ್ ಬಗ್ಗೆ. ಮುಂಡಗೋಡದ ಲೆಕ್ಕವೇ ಬೇರೆ. ಅಲ್ಲಿನ ಟಿಬೆಟನ್ ವಸಾಹತು ಆರಂಭವಾದದ್ದು 1966ರಲ್ಲಿ. ವಿದೇಶೀಯರು ಅಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಅತಿಥಿಗೃಹದ ತಾಣದಲ್ಲಿ ಬೌದ್ಧ ವಿಹಾರದ ಹತ್ತು ಫೋಟೋ ಹಾಕಿ ಈ ಒಂದು ಸಾಲನ್ನು ಬಿಟ್ಟರೆ, ಬಂದವರು ಬಾಗಿಲಿಂದಲೇ ವಾಪಸಾಗಬೇಕಾದೀತು.

ಫೋಟೋ ಎಂದಾಗ ಇನ್ನೊಂದು ಮಾತು. ಮೊಬೈಲಿನಲ್ಲಿ ತೆಗೆದ ಚಿತ್ರ ಒಂದೊಂದೂ ನಾಲ್ಕೈದು ಎಂಬಿ ತೂಗುತ್ತದೆ. ಹಾಗೇ ಏರಿಸಿದರೆ ಸಿಗ್ನಲ್ ಕುಂಟುವ ಜಾಗದಲ್ಲಿ ಪುಟ ತೆರೆದುಕೊಳ್ಳುವುದೇ ಇಲ್ಲ. ಕುಗ್ಗಿಸಿ ಇನ್ನೂರು ಕೆಬಿಗೆ ಇಳಿಸಿದರೂ ನದಿ ನದಿಯಾಗಿಯೇ ಕಾಣುತ್ತದೆ.

ಕಟ್ಟುವವರಿಗೇನೂ ಕೊರತೆಯಿಲ್ಲ. ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. 2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ದುಡ್ಡಿಲ್ಲ, ವಿಳಾಸಕ್ಕೆ ಬೀಗದ ಗುರುತು ಕೊಡುವ ಪ್ರಮಾಣಪತ್ರವೂ ಪುಕ್ಕಟೆ ಸಿಗುತ್ತದೆ. ತೊಡಕಿರುವುದು ಬೇರೆ ಕಡೆ. ಡೊಮೇನ್, ಅಂದರೆ ಜಾಲದ ವಿಳಾಸ, ಯಾರಿಗೂ ಶಾಶ್ವತ ಆಸ್ತಿಯಲ್ಲ. ವರ್ಷದ ಲೆಕ್ಕದ ಬಾಡಿಗೆ. ಅದನ್ನು ತಾಣ ಕಟ್ಟಿದ ಹುಡುಗ ತನ್ನ ಇಮೇಲಿನಲ್ಲೇ ನೋಂದಾಯಿಸಿಕೊಂಡ ಎನ್ನಿ. ನವೀಕರಣದ ನೆನಪೋಲೆ ಹೋಗುವುದು ಅವನಿಗೆ. ಅವನು ಕೆಲಸ ಸಿಕ್ಕಿ ಪುಣೆ ಸೇರಿರುತ್ತಾನೆ. ಅವಧಿ ತೀರಿದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಯಾರೂ ಮನೆಯ ಪತ್ರ ಮಾಡಿಸುವುದಿಲ್ಲ. ಡೊಮೇನ್ ವಿಷಯದಲ್ಲಿ ಮಾತ್ರ ಸಲೀಸಾಗಿ ಹಾಗೆಯೇ ಮಾಡುತ್ತಾರೆ.

ಹೆಸರು ಕೊಳ್ಳುವಾಗ ಕಾಗುಣಿತದ ಕಡೆಗೂ ಕಣ್ಣಿರಬೇಕು. ಜೋಯಿಡಾ, ಮುಂಡಗೋಡಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಒಂದಕ್ಷರ ಬದಲಿಸಿ ಅವಳಿ ತಾಣ ಎಬ್ಬಿಸುವವರಿಗೆ ಇದೇ ಸಂದಿ. ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸವೂ ಸಿಗುತ್ತದೆ, ಆದರೆ ಅದೊಂದನ್ನೇ ನಂಬಿದರೆ ಹೊರ ರಾಜ್ಯದ ಗಿರಾಕಿ ಟೈಪ್ ಮಾಡಲಾರ.

ನಕಲಿ ತಾಣದ ಭಯ ಬರೀ ಕಲ್ಪನೆಯಲ್ಲ. ಹೋಟೆಲ್ ಮತ್ತು ಯಾತ್ರೆ ಬುಕಿಂಗ್ ಹೆಸರಿನ ನಕಲಿ ಜಾಲತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ವಂಚಕರ ವರಸೆ ಸರಳ: ಅಸಲಿ ತಾಣದ ಫೋಟೋ ಕದಿಯುವುದು, ತಮ್ಮ ನಂಬರ್ ಹಾಕುವುದು, ಮುಂಗಡ ಬಂದ ಕೂಡಲೇ ಫೋನ್ ಸ್ವಿಚ್ ಆಫ್. ಬೀಗದ ಗುರುತು ಅವರ ತಾಣದಲ್ಲೂ ಇರುತ್ತದೆ. ಆ ಗುರುತು ಹೇಳುವುದು ದಾರಿಯಲ್ಲಿ ಮಾಹಿತಿಯನ್ನು ಯಾರೂ ಓದಲಾರರು ಎಂದಷ್ಟೇ. ಆಚೆ ಕೂತವರು ಸಾಚಾ ಎಂದಲ್ಲ.

ಮಾಲೀಕರು ಮಾಡಬಹುದಾದದ್ದು ಚಿಕ್ಕ ಕೆಲಸಗಳು. ಯುಪಿಐನಲ್ಲಿ ಹಣ ಕಳಿಸುವಾಗ ಯಾವ ಹೆಸರು ಕಾಣಬೇಕೆಂದು ತಾಣದಲ್ಲಿ ದಪ್ಪಕ್ಷರದಲ್ಲಿ ಬರೆಯುವುದು, ಗೂಗಲ್ ನಕ್ಷೆಯ ಗುರುತನ್ನು ಬೇರೆಯವರು ಹಿಡಿಯುವ ಮೊದಲು ತಮ್ಮದಾಗಿಸಿಕೊಳ್ಳುವುದು, ತಂತ್ರಾಂಶವನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವುದು, ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿಡುವುದು. ಫೋಟೋಗಳ ಮೂಲ ಪ್ರತಿಯನ್ನೂ ಅಳಿಸಬಾರದು. ನಕಲಿ ತಾಣ ತೆಗೆಸಲು ಅರ್ಜಿ ಹಾಕುವಾಗ ಅದೇ ಸಾಕ್ಷಿ. ಹಣ ಹೋದ ಗಿರಾಕಿ ಅಂಗಳದಲ್ಲಿ ಬಂದು ನಿಂತರೆ ವಾದಕ್ಕಿಳಿಯದೆ, ತಡಮಾಡದೆ 1930ಕ್ಕೆ ಫೋನ್ ಮಾಡಿಸಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಸಲು ಇರುವ ಸಹಾಯವಾಣಿ ಅದು.